ಪರ್ಮಿಟ್ ಪುಸ್ತಕದಿಂದ ರುಚಿಯ ಪುಸ್ತಕದವರೆಗೆ: ಒಂಟಾರಿಯೊ ಮನೆಗಳಲ್ಲಿ ಬಿಯರ್

ಈ ಸಲದ ಸಂಚಿಕೆಗೆ ಬಿಯರ್ ಕುರಿತು ಬರೆಯುತ್ತೇನೆ ಎಂದಾಗ ಸಂಪಾದಕರು ಒಂದು ಕ್ಷಣ ಸುಮ್ಮನಿದ್ದು, "ಆರೋಗ್ಯದ ಪುಟಕ್ಕಾ ಡಾಕ್ಟ್ರೇ?" ಎಂದು ಕೇಳಿದರು. ಇತಿಹಾಸದ ಪುಟಕ್ಕೆ ಎಂದೆ. ನಮ್ಮ ಸದಸ್ಯರ ಎಷ್ಟೋ ಮನೆಗಳಲ್ಲಿ ಮದ್ಯ ಹೊಸ್ತಿಲು ದಾಟುವುದಿಲ್ಲ. ಅವರೂ ಇದನ್ನು ಓದಬಹುದು, ಇದು ಕುಡಿಯಿರಿ ಎಂದು ಹೇಳುವ ಬರಹವಲ್ಲ. ಈ ಪ್ರಾಂತ್ಯದಲ್ಲಿ ಒಬ್ಬ ಮನುಷ್ಯ ತನ್ನ ಮನೆಯಲ್ಲಿ ಕೂತು ಒಂದು ಲೋಟ ಬಿಯರ್ ಕುಡಿದರೆ, ಕಳೆದ ನೂರು ವರ್ಷಗಳಲ್ಲಿ ಅದನ್ನು ಯಾರು ಯಾರು ಬರೆದಿಟ್ಟುಕೊಂಡರು ಎಂಬುದು ನನ್ನ ವಿಷಯ.

ಇದು ತಲೆಗೆ ಹೊಕ್ಕಿದ್ದು ಒಂದು ಪುಟ್ಟ ಪುಸ್ತಕದಿಂದ. ನಮ್ಮ ಬೀದಿಯ ಹಿರಿಯ ನೆರೆಯವರು ಮನೆ ಮಾರಿ ಮಗಳ ಊರಿಗೆ ಹೊರಟಾಗ ಸಾಮಾನು ಕಟ್ಟಲು ಸಹಾಯಕ್ಕೆ ಹೋಗಿದ್ದೆ. ಒಂದು ಹಳೆಯ ಬಿಸ್ಕತ್ ಡಬ್ಬಿಯಲ್ಲಿ ಅವರ ತಂದೆಯ ಕಾಗದಪತ್ರಗಳ ನಡುವೆ ಪಾಸ್‌ಪೋರ್ಟಿನಂಥ ಒಂದು ಕಿರುಪುಸ್ತಕ ಇತ್ತು. ಒಳಗೆ ಹೆಸರು, ವಿಳಾಸ, ಕಸುಬು. ಮುಂದಿನ ಪುಟಗಳಲ್ಲಿ ಗೆರೆ ಎಳೆದ ಅಂಕಣಗಳು, ಅವುಗಳಲ್ಲಿ ತಾರೀಖು, ಕೊಂಡದ್ದು, ಬೆಲೆ, ಗುಮಾಸ್ತರ ಚುಟುಕು ಸಹಿಗಳು. ನಾನು ಮೊದಲು ಬ್ಯಾಂಕ್ ಪಾಸ್‌ಬುಕ್ ಎಂದುಕೊಂಡೆ. "ಅಲ್ಲ, ಇದು ಅಪ್ಪನ ಕುಡಿಯುವ ಲೈಸೆನ್ಸು" ಎಂದು ಅವರು ನಕ್ಕರು. ಆ ಪುಸ್ತಕವನ್ನು ನನಗೇ ಕೊಟ್ಟು ಹೋದರು.

ಪುಸ್ತಕದ ಹಿಂದಿನ ಕಥೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಟೊರಾಂಟೊ ಬಿಯರನ್ನು ಮುಚ್ಚಿಟ್ಟುಕೊಂಡು ಬೆಳೆದ ಊರಲ್ಲ. ನಾವು ದಿನಾ ದಾಟುವ ಬ್ಲೂರ್ ಸ್ಟ್ರೀಟಿಗೆ ಹೆಸರು ಬಂದದ್ದು ಜೋಸೆಫ್ ಬ್ಲೂರ್ ಎಂಬವನಿಂದ. 1830ರ ಸುಮಾರಿಗೆ ಆತ ರೋಸ್‌ಡೇಲ್ ಕಣಿವೆಯಲ್ಲಿ ಬಿಯರ್ ಕುದಿಸುತ್ತಿದ್ದ. ಟ್ರಿನಿಟಿ ಸ್ಟ್ರೀಟಿನಲ್ಲಿ ಇಂದಿಗೂ ನಿಂತಿರುವ ಎನಕ್ ಟರ್ನರ್ ಶಾಲೆ 1848ರದು, ನಗರದ ಮೊದಲ ಉಚಿತ ಶಾಲೆ. ಬಡ ಮಕ್ಕಳಿಗಾಗಿ ಅದನ್ನು ಕಟ್ಟಿಸಿದ ಎನಕ್ ಟರ್ನರನೂ ಬಿಯರ್ ತಯಾರಕನೇ. ನಮ್ಮ ಮಕ್ಕಳು ಶಾಲೆಯ ಪ್ರವಾಸಕ್ಕೆ ಅಲ್ಲಿಗೆ ಹೋಗಿ ಬಂದರು, ಈ ಸಂಗತಿಯನ್ನು ಮಾತ್ರ ಯಾರೂ ಹೇಳಲಿಲ್ಲವಂತೆ.

ಅದೇ ಊರಲ್ಲಿ ಪಾನವಿರೋಧಿ ಚಳವಳಿಯೂ ಅಷ್ಟೇ ಬಲವಾಗಿತ್ತು. ಪಶ್ಚಿಮ ಟೊರಾಂಟೊದ ಜಂಕ್ಷನ್ ಬಡಾವಣೆ 1904ರಲ್ಲಿ ಮತ ಹಾಕಿ ಮದ್ಯದಂಗಡಿಗಳನ್ನು ಹೊರಗಟ್ಟಿತು. ಅಲ್ಲಿನ ಹೋಟೆಲಿನಲ್ಲಿ ಮತ್ತೆ ಒಂದು ಲೋಟ ಬಿಯರ್ ಸಿಗಲು ಸುಮಾರು ಒಂದು ಶತಮಾನ ಕಾಯಬೇಕಾಯಿತು. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಒಂಟಾರಿಯೊ ಟೆಂಪರೆನ್ಸ್ ಕಾಯ್ದೆ ಬಂದು ಇಡೀ ಪ್ರಾಂತ್ಯಕ್ಕೆ ಬಾಗಿಲು ಬಿತ್ತು. ಆದರೆ ಆ ಕಾಯ್ದೆಗೆ ಮೂರು ಕಿಂಡಿಗಳಿದ್ದವು. ಇಲ್ಲಿನ ದ್ರಾಕ್ಷಿ ಬೆಳೆಗಾರರ ವೈನ್ ಮಾರಬಹುದಿತ್ತು. ತನ್ನ ಮನೆಯೊಳಗೆ ಇಟ್ಟುಕೊಂಡು ಕುಡಿದರೆ ಅಪರಾಧವಾಗಿರಲಿಲ್ಲ. ಮೂರನೆಯ ಕಿಂಡಿ ನಮ್ಮ ವೃತ್ತಿ. ವೈದ್ಯ ಚೀಟಿ ಬರೆದುಕೊಟ್ಟರೆ ಮದ್ಯ ಔಷಧಿಯಾಗಿ ಸಿಗುತ್ತಿತ್ತು.

ಹೀಗಾಗಿ ಒಂಟಾರಿಯೊದಲ್ಲಿ ಗುಟುಕಿನ ಲೆಕ್ಕ ಬರೆದ ಮೊದಲಿಗರು ವೈದ್ಯರು. 1920ರ ದಶಕದಲ್ಲಿ ಅವರು ಇಂಥ ಚೀಟಿಗಳನ್ನು ಲಕ್ಷಗಟ್ಟಲೆ ಬರೆದರು. ಕ್ರಿಸ್‌ಮಸ್ ಹತ್ತಿರ ಬಂದಂತೆ ಕಾಯಿಲೆಗಳು ಹೆಚ್ಚಾಗುತ್ತಿದ್ದವೆಂದು ಜನ ನಗುತ್ತಿದ್ದರು. ಹಾಸ್ಯ ಲೇಖಕ ಸ್ಟೀಫನ್ ಲೀಕಾಕ್ ಇದನ್ನು ಲೇವಡಿ ಮಾಡದೆ ಬಿಡಲಿಲ್ಲ. ಅವರಲ್ಲಿ ಎಷ್ಟು ಜನ ವೈದ್ಯರು ನಂಬಿ ಬರೆದರು, ಎಷ್ಟು ಜನ ಫೀಸಿಗಾಗಿ ಬರೆದರು ಎಂದು ಈಗ ತೂಗುವುದು ಕಷ್ಟ. ನನಗೆ ಅವರ ಮೇಲೆ ಪೂರ್ತಿ ಕೋಪವೂ ಬರುವುದಿಲ್ಲ. ಎದುರಿಗೆ ಕೂತವನ ಕಣ್ಣು ನೋಡಿ "ಇಲ್ಲ" ಎನ್ನುವುದು ಸುಲಭವಲ್ಲ ಎಂಬುದು ನಾನು ಕಂಡ ಸತ್ಯ.

ಪ್ರೀಮಿಯರ್ ಹೊವರ್ಡ್ ಫರ್ಗುಸನ್ ಮೊದಲು 1925ರಲ್ಲಿ ಒಂದು ರಾಜಿ ಸೂತ್ರ ತಂದರು. ಶೇಕಡಾ 4.4 ಪ್ರೂಫ್ ಸ್ಪಿರಿಟ್, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು ಶೇ 2.5 ಆಲ್ಕೋಹಾಲಿನ ಬಿಯರಿಗೆ ಅನುಮತಿ. ಜನ ಅದಕ್ಕೆ 'ಫರ್ಗೀಸ್ ಫೋಮ್', ಫರ್ಗುಸನ್ನನ ನೊರೆ, ಎಂದು ಹೆಸರಿಟ್ಟರು. ನೊರೆ ಬಹಳ ದಿನ ನಿಲ್ಲಲಿಲ್ಲ. 1926ರ ಚುನಾವಣೆಯಲ್ಲಿ ಅವರು ಸರ್ಕಾರವೇ ಮದ್ಯ ಮಾರುವ ಪದ್ಧತಿಯನ್ನು ಮುಂದಿಟ್ಟು ಗೆದ್ದರು. 1927ರಲ್ಲಿ ಲಿಕ್ಕರ್ ಕಂಟ್ರೋಲ್ ಬೋರ್ಡ್ ಹುಟ್ಟಿತು. ಇಂದು ನಾವು ಎಲ್‌ಸಿಬಿಒ ಎನ್ನುವುದು ಅದನ್ನೇ. ಅದರ ಜೊತೆಗೇ ಹುಟ್ಟಿದ್ದು ಪರ್ಮಿಟ್ ಪುಸ್ತಕ.

ಮದ್ಯವಾಗಲಿ ಬಿಯರಾಗಲಿ, ಕೊಳ್ಳಬೇಕಾದವರು ಎರಡು ಡಾಲರ್ ಕೊಟ್ಟು ವಾರ್ಷಿಕ ಪರ್ಮಿಟ್ ಪಡೆಯಬೇಕಿತ್ತು. ಬೋರ್ಡಿನ ಅಂಗಡಿ ಎಂದರೆ ಇಂದಿನ ಹೊಳೆಯುವ ಕಪಾಟುಗಳಲ್ಲ. ಅಲ್ಲಿ ಒಂದೇ ಒಂದು ಬಾಟಲಿ ಕಣ್ಣಿಗೆ ಬೀಳುತ್ತಿರಲಿಲ್ಲ. ಗೋಡೆಯ ಪಟ್ಟಿ ನೋಡಿ, ಚೀಟಿಯಲ್ಲಿ ಬೇಕಾದ್ದನ್ನೂ ಪರ್ಮಿಟ್ ಸಂಖ್ಯೆಯನ್ನೂ ಬರೆದು, ಸಹಿ ಹಾಕಿ ಕೊಡಬೇಕು. ಗುಮಾಸ್ತ ಪರ್ಮಿಟ್ ಪುಸ್ತಕದ ಹಿಂದಿನ ಪುಟಗಳನ್ನು ತಿರುವಿ ನೋಡಿ, ಈತ ಹೆಚ್ಚು ಕೊಳ್ಳುತ್ತಿಲ್ಲ ಎಂದು ಮನಗಂಡು, ಹೊಸ ಸಾಲು ಬರೆದು, ಬಾಟಲಿಯನ್ನು ಕಂದು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ. ಅದನ್ನು ನೇರ ಮನೆಗೆ ಒಯ್ದು ಕುಡಿಯಬೇಕು. ಹೋಟೆಲುಗಳಲ್ಲಿ ಬಿಯರ್ ಕೊಡಲು ಅನುಮತಿ ಬಂದದ್ದು 1934ರಲ್ಲಿ. ಆಗಲೂ ಗಂಡಸರಿಗೆ ಒಂದು ಬಾಗಿಲು, ಹೆಂಗಸರಿಗೆ ಮತ್ತು ಅವರ ಜೊತೆ ಬಂದವರಿಗೆ ಇನ್ನೊಂದು ಬಾಗಿಲು.

ಗುಮಾಸ್ತನಿಗೆ ಸಂಶಯ ಬಂದರೆ ವಿಚಾರಣೆ. ಸಂಬಳಕ್ಕೆ ಮೀರಿ ಕೊಳ್ಳುತ್ತಿದ್ದಾನೆ, ಮನೆಯವರು ದೂರು ಕೊಟ್ಟಿದ್ದಾರೆ ಎಂದರೆ ಪರ್ಮಿಟ್ ರದ್ದಾಗುತ್ತಿತ್ತು, ಹೆಸರು ನಿಷೇಧಿತರ ಪಟ್ಟಿಗೆ ಸೇರುತ್ತಿತ್ತು. ಆ ಪಟ್ಟಿ ಅಂಗಡಿಗಳಿಗೂ ಹೋಟೆಲುಗಳಿಗೂ ಹೋಗುತ್ತಿತ್ತು. ಜನರ ಬಾಯಲ್ಲಿ ಅದಕ್ಕಿದ್ದ ಹೆಸರು 'ಇಂಡಿಯನ್ ಲಿಸ್ಟ್'.

ನೆರೆಯವರ ಬಾಯಲ್ಲಿ ಈ ಪದ ಮೊದಲು ಕೇಳಿದಾಗ ನಾನು ತಬ್ಬಿಬ್ಬಾದೆ. ಅದು ನಮ್ಮನ್ನು ಕುರಿತದ್ದಲ್ಲ. ಈ ನೆಲದ ಮೂಲನಿವಾಸಿಗಳಿಗೆ ಮದ್ಯ ಮಾರುವುದನ್ನು ಇಂಡಿಯನ್ ಕಾಯ್ದೆ ಸಾರಾಸಗಟಾಗಿ ನಿಷೇಧಿಸಿತ್ತು. ಅವರು ಪಟ್ಟಿಗೆ ಸೇರಲು ಕುಡುಕರಾಗಬೇಕಿರಲಿಲ್ಲ, ಹುಟ್ಟಿದ್ದರೆ ಸಾಕಿತ್ತು. ಆದ್ದರಿಂದ ಪರ್ಮಿಟ್ ಕಳೆದುಕೊಂಡ ಬಿಳಿಯನನ್ನು "ಇಂಡಿಯನ್ ಆದ" ಎಂಬ ಅರ್ಥದಲ್ಲಿ ಆ ಹೆಸರಿನಿಂದ ಅವಮಾನಿಸುತ್ತಿದ್ದರು. 1951ರಲ್ಲಿ ಆ ಕಾಯ್ದೆಗೆ ತಿದ್ದುಪಡಿಯಾಯಿತು, ಒಂಟಾರಿಯೊ 1954ರಲ್ಲಿ ಬಾಗಿಲು ತೆರೆಯಿತು. ಕುಡಿದ ಮೂಲನಿವಾಸಿಗೆ ಉಳಿದವರಿಗಿಂತ ಬೇರೆಯೇ ಕಾನೂನು ಇರಬಾರದು ಎಂದು ಕೆನಡಾದ ಸರ್ವೋಚ್ಚ ನ್ಯಾಯಾಲಯ ಡ್ರೈಬೋನ್ಸ್ ಪ್ರಕರಣದಲ್ಲಿ ಹೇಳಿದ್ದು 1969ರಲ್ಲಿ. ಆ ಹೊತ್ತಿಗೆ ನಮ್ಮ ಕೆಲವು ಹಿರಿಯರು ಇಲ್ಲಿ ಬಂದಿಳಿದಾಗಿತ್ತು. 1967ರ ಅಂಕಪದ್ಧತಿಯ ವಲಸೆ ನಿಯಮದಿಂದ ಬಂದ ನಮಗೆ ಯಾವ ಪಟ್ಟಿಯೂ ಅಡ್ಡ ಬರಲಿಲ್ಲ. ಲೋಟ ಎತ್ತುವಾಗ ಒಮ್ಮೆ ಇದು ನೆನಪಾಗಬೇಕು ಎಂದು ನನಗೆ ಅನಿಸುತ್ತದೆ.

ಪರ್ಮಿಟ್ ಎಂಬ ಪದ ನನಗೆ ಹೊಸದಾಗಿರಲಿಲ್ಲ. ನಾನು ಧಾರವಾಡದ ಕಡೆಯವನು. ಏಕೀಕರಣಕ್ಕೆ ಮುಂಚೆ ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರ ಎಲ್ಲ ಮುಂಬಯಿ ಪ್ರಾಂತ್ಯದಲ್ಲಿದ್ದವು. 1949ರ ಮುಂಬಯಿ ಪಾನನಿರೋಧ ಕಾಯ್ದೆ ನಮ್ಮ ಕಡೆಗೂ ಅನ್ವಯಿಸಿತ್ತು. ಅದರಲ್ಲಿಯೂ ಆರೋಗ್ಯದ ಕಾರಣಕ್ಕೆ ಪರ್ಮಿಟ್ ಇತ್ತು, ಅದಕ್ಕೂ ವೈದ್ಯರ ಸರ್ಟಿಫಿಕೇಟು ಬೇಕಿತ್ತು. ನಮ್ಮ ಮನೆತನದಲ್ಲಿ ಒಬ್ಬರಿಗೆ 'ಪರ್ಮಿಟ್ ಕಾಕಾ' ಎಂದೇ ಹೆಸರು. ಅವರ ನಿಜವಾದ ಹೆಸರನ್ನು ನಾನು ಕಾಲೇಜಿಗೆ ಹೋದ ಮೇಲೆ ತಿಳಿದುಕೊಂಡೆ. ಮದುವೆ ಮುಂಜಿಗಳಲ್ಲಿ ಅವರು ಬಂದರೆ ಹೆಂಗಸರು ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದರು, ಅವರು ಕುಡಿದು ಬಂದಿರಲಿ ಬಿಡಲಿ. ಮೈಸೂರು ರಾಜ್ಯದಲ್ಲಿ ನಿಜಲಿಂಗಪ್ಪನವರ ಸರ್ಕಾರ 1967ರಲ್ಲಿ ಪಾನನಿರೋಧ ತೆಗೆಯಿತು. ಕಾಕಾನ ಹೆಸರು ಮಾತ್ರ ಸಾಯುವ ತನಕ ಹೋಗಲಿಲ್ಲ. ಮುಂಬಯಿಯ ಹೋಟೆಲುಗಳ ಮೇಲೆ 'ಪರ್ಮಿಟ್ ರೂಮ್' ಎಂಬ ಬೋರ್ಡು ಇಂದಿಗೂ ಕಾಣುತ್ತದಲ್ಲ, ಅದು ಆ ಕಾಲದ ಪಳೆಯುಳಿಕೆ.

ಒಂಟಾರಿಯೊದಲ್ಲಿ ವೈಯಕ್ತಿಕ ಪರ್ಮಿಟ್ ರದ್ದಾದದ್ದು 1962ರಲ್ಲಿ. ಕೈಯಿಂದಲೇ ಬಾಟಲಿ ಎತ್ತಿಕೊಳ್ಳಬಹುದಾದ ಮೊದಲ ಅಂಗಡಿ ತೆರೆದದ್ದು 1969ರಲ್ಲಿ. ಆದರೆ ಆ ಹೊತ್ತಿಗೆ ಬಿಯರಿನಲ್ಲಿ ಆರಿಸಿಕೊಳ್ಳಲು ಏನೂ ಉಳಿದಿರಲಿಲ್ಲ. ಇ.ಪಿ. ಟೇಲರ್ ಎಂಬ ಉದ್ಯಮಿ 1930ರಿಂದ ಸಣ್ಣ ಬಿಯರ್ ಕಾರ್ಖಾನೆಗಳನ್ನು ಒಂದೊಂದಾಗಿ ಕೊಂಡು, ಬಹಳಷ್ಟನ್ನು ಮುಚ್ಚಿ, ಕೆಲವೇ ಬ್ರಾಂಡುಗಳನ್ನು ಉಳಿಸಿದ. ಡಾನ್ ಮಿಲ್ಸ್ ಬಡಾವಣೆ ಕಟ್ಟಿದವನೂ ಅವನೇ. 1960ರಲ್ಲಿ ತೆರೆದ ಓಕೀಫ್ ಸೆಂಟರ್, ಈಗಿನ ಮೆರಿಡಿಯನ್ ಹಾಲ್, ಅವನ ಬಿಯರಿನ ಹಣದಲ್ಲಿ ಎದ್ದದ್ದು. ಕೊನೆಗೆ ದೇಶದಲ್ಲಿ ಮೊಲ್ಸನ್, ಲಬಾಟ್, ಕಾರ್ಲಿಂಗ್ ಓಕೀಫ್ ಎಂಬ ಮೂವರೇ ದೊಡ್ಡವರು ಉಳಿದರು. ಎಲ್ಲರ ಬಿಯರೂ 'ಸ್ಟಬ್ಬಿ' ಎಂಬ ಒಂದೇ ಗಿಡ್ಡ ಕಂದು ಬಾಟಲಿಯಲ್ಲಿ, ಬಹುಮಟ್ಟಿಗೆ ಒಂದೇ ರುಚಿಯಲ್ಲಿ. ಬರೆದಿಡಲು ಯಾರಿಗೂ ಏನೂ ಇರಲಿಲ್ಲ.

ನಮ್ಮಲ್ಲಿಯೂ ಹೀಗೇ ಆಗಿತ್ತು. ದಂಡಿನ ಸೈನಿಕರಿಗಾಗಿ ಬೆಂಗಳೂರು, ನೀಲಗಿರಿಗಳಲ್ಲಿ ಹುಟ್ಟಿದ್ದ ಸಣ್ಣ ಕಾರ್ಖಾನೆಗಳನ್ನು ಥಾಮಸ್ ಲೀಶ್ಮನ್ 1915ರಲ್ಲಿ ಸೇರಿಸಿ ಯುನೈಟೆಡ್ ಬ್ರುವರೀಸ್ ಮಾಡಿದ. 1947ರಲ್ಲಿ ವಿಠ್ಠಲ ಮಲ್ಯ ಅದರ ನಿರ್ದೇಶಕರಾದರು. ನಾನು ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದುವಾಗ ಹಾಸ್ಟೆಲಿನ ಹುಡುಗರಿಗೆ ಬಿಯರ್ ಎಂದರೆ ತಣ್ಣಗಿರಬೇಕು, ಬೇಗ ಏರಬೇಕು, ವಾರ್ಡನ್ನಿಗೆ ಗೊತ್ತಾಗಬಾರದು. ರುಚಿಯ ಮಾತು ಯಾರೂ ಆಡಿದ್ದಿಲ್ಲ.

1980ರ ದಶಕದ ಕೊನೆಗೆ ನಾನು ಇಲ್ಲಿಗೆ ಬಂದಾಗ ಬಿಯರ್ ಸ್ಟೋರಿನಲ್ಲಿ ಇನ್ನೂ ಹಳೆಯ ಕ್ರಮವಿತ್ತು. ಗೋಡೆಯ ಮೇಲಿನ ಹೆಸರು ನೋಡಿ ಕೌಂಟರಿನಲ್ಲಿ ಹೇಳಿದರೆ, ಒಳಗಿನ ಕತ್ತಲೆಯಿಂದ ರೋಲರುಗಳ ಮೇಲೆ ಪೆಟ್ಟಿಗೆ ಗಡಗಡ ಉರುಳಿ ಬರುತ್ತಿತ್ತು. ನನಗೆ ಊರಿನ ರೇಷನ್ ಅಂಗಡಿ ನೆನಪಾಗುತ್ತಿತ್ತು. ಆದರೆ ಬದಲಾವಣೆ ಆಗಲೇ ಶುರುವಾಗಿತ್ತು. ವಾಟರ್‌ಲೂದಲ್ಲಿ 1984ರಲ್ಲಿ ಬ್ರಿಕ್ ಎಂಬ ಸಣ್ಣ ಕಾರ್ಖಾನೆ ಆರಂಭವಾಗಿತ್ತು. ಮರುವರ್ಷ ಟೊರಾಂಟೊದಲ್ಲಿ ಅಪ್ಪರ್ ಕೆನಡಾ, ಗ್ವೆಲ್ಫ್‌ನಲ್ಲಿ ವೆಲಿಂಗ್ಟನ್. 1987ರಲ್ಲಿ ನಮ್ಮ ಬ್ರಾಂಪ್ಟನ್ನಿನಲ್ಲೇ ಹುಟ್ಟಿದ ಗ್ರೇಟ್ ಲೇಕ್ಸ್ ಆಮೇಲೆ ಇಟೋಬಿಕೋಗೆ ಹೋಯಿತು. ಅಪ್ಪರ್ ಕೆನಡಾ 1998ರಲ್ಲಿ ಮಾರಾಟವಾದಾಗ ಕೆಲಸ ಕಳೆದುಕೊಂಡ ಮೂವರು ಸೇರಿ 2000ದಲ್ಲಿ ಸಿಎನ್ ಟವರಿನ ಬುಡದ ಹಳೆಯ ರೈಲ್ವೆ ರೌಂಡ್‌ಹೌಸಿನಲ್ಲಿ ಸ್ಟೀಮ್ ವಿಸಲ್ ತೆರೆದರು. ಅವರ ಹಸಿರು ಬಾಟಲಿಯ ತಳದಲ್ಲಿ '3ಎಫ್‌ಜಿ' ಎಂದು ಅಚ್ಚಾಗಿರುತ್ತದೆ, ಅಂದರೆ ಕೆಲಸದಿಂದ ತೆಗೆದುಹಾಕಲ್ಪಟ್ಟ ಮೂವರು. ಡಿಸ್ಟಿಲರಿ ಡಿಸ್ಟ್ರಿಕ್ಟಿನಲ್ಲಿ 2002ರಲ್ಲಿ ಮಿಲ್ ಸ್ಟ್ರೀಟ್ ಬಂತು. ಅದನ್ನು 2015ರಲ್ಲಿ ಲಬಾಟ್ ಕೊಂಡುಕೊಂಡಿತು, ಟೇಲರನ ಹಳೆಯ ಆಟ ಮುಗಿದಿಲ್ಲ ಎನ್ನುವಂತೆ. ಬೆಲ್‌ವುಡ್ಸ್ 2012ರದು. ಅದೇ ಹೊತ್ತಿಗೆ ಬೆಂಗಳೂರಿನಲ್ಲೂ ಟಾಯ್ಟ್, ಬಿಯರ್ ಕ್ಲಬ್ ಮೊದಲಾದ ಬ್ರೂಪಬ್‌ಗಳು ಬಾಗಿಲು ತೆರೆದು, ಬಾರ್ಲಿಯ ಜೊತೆ ರಾಗಿ, ಬೆಲ್ಲ, ಮಾವು, ಕೊಡಗಿನ ಕಾಫಿಯನ್ನೂ ಬಿಯರಿಗೆ ಸೇರಿಸತೊಡಗಿದವು. ಅಲ್ಲಿ ಅದನ್ನು ಪಾತ್ರೆಯಲ್ಲಿ ತುಂಬಿಸಿಕೊಂಡು ಮನೆಗೆ ಒಯ್ಯಲು ಸರ್ಕಾರ ಬಿಟ್ಟದ್ದು 2020ರ ಲಾಕ್‌ಡೌನಿನಲ್ಲಿ.

ಇಲ್ಲಿಂದ ಮುಂದೆ ನಮ್ಮ ಮನೆಯ ಇತಿಹಾಸ. ಅದಕ್ಕೆ ಮುಂಚೆ ಒಂದು ಸಾವಿನ ಮಾತು ಹೇಳಬೇಕು.

ನಮ್ಮ ಬಳಗದ ಒಬ್ಬರು, ಹೆಸರು ಬೇಡ, ಹತ್ತು ಹನ್ನೆರಡು ವರ್ಷ ನಮ್ಮ ಜೊತೆ ಯುಗಾದಿ, ರಾಜ್ಯೋತ್ಸವ ಮಾಡಿದವರು. ಪಾರ್ಟಿಗಳಲ್ಲಿ ಕಿತ್ತಳೆ ಹಣ್ಣಿನ ರಸ ಹಿಡಿದು ನಿಲ್ಲುತ್ತಿದ್ದರು. ಅವರ ಅಂಗೈ ಕೆಂಪಗಿದ್ದದ್ದನ್ನು ನಾನು ಒಮ್ಮೆ ಕೈಕುಲುಕುವಾಗ ನೋಡಿದೆ. ಪಿತ್ತಜನಕಾಂಗದ ಕಾಯಿಲೆಗೆ ಅದೊಂದು ಚಿಹ್ನೆ, ಎಂ.ಬಿ.ಬಿ.ಎಸ್. ಹುಡುಗರಿಗೂ ಗೊತ್ತು. ನಾನು ಅವರ ವೈದ್ಯನಲ್ಲ, ಸ್ನೇಹಿತ. ಹೆಂಡತಿ ಪಕ್ಕದಲ್ಲಿದ್ದರು. ಕೇಳಲಿಲ್ಲ. ಎರಡು ವರ್ಷದ ಮೇಲೆ ಅವರು ಸಿರೋಸಿಸ್‌ನಿಂದ ತೀರಿಕೊಂಡರು. ಮನೆ ಖಾಲಿ ಮಾಡುವಾಗ ಬೇಸ್‌ಮೆಂಟಿನ ಫರ್ನೇಸಿನ ಹಿಂದೆ ಸಾಲಾಗಿ ಜೋಡಿಸಿಟ್ಟ ಖಾಲಿ ಬಾಟಲಿಗಳು ಸಿಕ್ಕವು. ಪರ್ಮಿಟ್ ಪುಸ್ತಕವೂ ಇಲ್ಲದೆ, ವೈದ್ಯರ ಕೇಸ್ ಶೀಟಿನಲ್ಲೂ ಬಾರದೆ, ಯಾರ ಕಣ್ಣಿಗೂ ಬೀಳದೆ ನಡೆದ ಲೆಕ್ಕ ಅದು. ಕ್ಲಿನಿಕ್ಕಿನಲ್ಲಿ ನಮ್ಮವರನ್ನು "ಕುಡಿಯುತ್ತೀರಾ?" ಎಂದು ಕೇಳಿದರೆ ಬರುವ ಉತ್ತರ ಒಂದೇ: "ಸೋಶಿಯಲ್ ಆಗಿ ಮಾತ್ರ ಡಾಕ್ಟ್ರೇ." ಎಷ್ಟು ಎಂದರೆ ಮಾತು ಹವಾಮಾನಕ್ಕೆ ತಿರುಗುತ್ತಿತ್ತು. ಪರ್ಮಿಟ್ ಕಾಕಾನಿಗೆ ಸಿಕ್ಕ ಅಡ್ಡಹೆಸರಿನ ಭಯ ಮೂರು ತಲೆಮಾರು ದಾಟಿ, ಸಮುದ್ರ ದಾಟಿ ಬಂದಿದೆ ಎಂದು ನನಗೆ ಅನಿಸಿದ್ದು ಆಗ.

ನಿವೃತ್ತನಾದ ಮೇಲೆ ನಾವು ನಾಲ್ಕು ಮನೆಯವರು, ಮಿಸಿಸಾಗದಿಂದ ಇಬ್ಬರು, ಬ್ರಾಂಪ್ಟನ್, ಓಕ್‌ವಿಲ್‌ನಿಂದ ಒಬ್ಬೊಬ್ಬರು, ತಿಂಗಳಿಗೊಮ್ಮೆ ಯಾರಾದರೊಬ್ಬರ ಊಟದ ಮೇಜಿನ ಮೇಲೆ, ಬೇಸ್‌ಮೆಂಟಿನಲ್ಲಲ್ಲ, ಬಿಯರ್ ರುಚಿ ನೋಡಲು ಆರಂಭಿಸಿದೆವು. ನಿಯಮ ಸರಳ. ಸಂಜೆಗೆ ನಾಲ್ಕೇ ಕ್ಯಾನ್. ಒಂದು ಕ್ಯಾನ್ ನಾಲ್ವರಿಗೆ. ಬರೆಯದೆ ಎರಡನೆಯ ಗುಟುಕಿಲ್ಲ.

ಹೇಗೆ ಬರೆಯಬೇಕು ಎಂಬುದಕ್ಕೆ ಮೇಲ್ಪಂಕ್ತಿ ಇತ್ತು. ಬಿಯರನ್ನು ದ್ರಾಕ್ಷಿಯ ಮದ್ಯದಂತೆ ಬಗೆಬಗೆಯಾಗಿ ವಿಂಗಡಿಸಿ ಬರೆಯಬಹುದು ಎಂದು ಜಗತ್ತಿಗೆ ತೋರಿಸಿದವನು ಮೈಕಲ್ ಜಾಕ್ಸನ್, ಹಾಡುಗಾರನಲ್ಲ, ಇಂಗ್ಲಿಷ್ ಪತ್ರಕರ್ತ. ಅವನ ಜಾಗತಿಕ ಬಿಯರ್ ಕೈಪಿಡಿ 1977ರದು. ಅದೇ ದಶಕದಲ್ಲಿ ಮೋರ್ಟನ್ ಮೈಲ್ಗಾರ್ಡ್ ಎಂಬ ವಿಜ್ಞಾನಿ ಬಿಯರಿನ ವಾಸನೆ ರುಚಿಗಳನ್ನು ಚಕ್ರದ ಆಕಾರದಲ್ಲಿ ಜೋಡಿಸಿದ. 1985ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಬಿಯರ್ ತೀರ್ಪುಗಾರರ ಸಂಸ್ಥೆ ಒಂದು ಅಂಕಪಟ್ಟಿ ಮಾಡಿದೆ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆಗೆ 10, ಎಲ್ಲ ಸೇರಿ 50. ನನಗೆ ಇದು ಕೇಸ್ ಶೀಟಿನಂತೆಯೇ ಕಂಡಿತು. ಮೊದಲು ನೋಡು, ಆಮೇಲೆ ಮೂಸು, ಕೊನೆಗೆ ತೀರ್ಮಾನ. ರೋಗಿಯ ಮೂತ್ರದ ಸಿಹಿ ನೋಡಿ ಮಧುಮೇಹ ಹೇಳುತ್ತಿದ್ದ ಕಾಲ ನಮ್ಮ ವೃತ್ತಿಗೂ ಇತ್ತು ಎಂದು ನೆನಪಿಸಿದಾಗ ಮೇಜಿನ ಸುತ್ತ ಯಾರೂ ನಗಲಿಲ್ಲ.

ಅಂಕ ಹಾಕುವುದು ಸುಲಭ, ಪದ ಹುಡುಕುವುದು ಕಷ್ಟ. ಕುಡಿತದ ಭಾಷೆ ಕನ್ನಡದಲ್ಲಿ ಧಾರಾಳವಾಗಿದೆ. ಜಿ.ಪಿ. ರಾಜರತ್ನಂ ಅವರ ರತ್ನನನ್ನು ಅರಿಯದ ಕನ್ನಡಿಗನಿಲ್ಲ. ಆದರೆ ರತ್ನ ಹೆಂಡದ ಗುಣ ಹಾಡಿದ, ರುಚಿಯ ವರದಿ ಬರೆಯಲಿಲ್ಲ. ಮೊದಲ ಸಂಜೆ ನಾವು ಇಂಗ್ಲಿಷಿನಲ್ಲೇ ಬರೆದೆವು, ಎಲ್ಲರ ಕಾಗದದ ಮೇಲೂ ಒಂದೇ ನಾಲ್ಕು ಪದ. ಎರಡನೆಯ ಸಲ ಓಕ್‌ವಿಲ್ ಸ್ನೇಹಿತರ ಸೊಸೆ, ಬೆಂಗಳೂರಿನ ಹುಡುಗಿ, ಒಂದು ಐಪಿಎ ಮೂಸಿ, "ಮಾವ, ಇದು ಮಾವಿನಕಾಯಿ ತೊಟ್ಟು ಮುರಿದಾಗ ಬರೋ ಸೊನೆ ವಾಸನೆ" ಎಂದಳು. ಮೇಜು ಒಂದು ನಿಮಿಷ ಮೌನವಾಯಿತು. ಸಿಟ್ರಾ ಎಂಬ ಹಾಪ್ಸಿನ ಹೂವಿನ ಎಣ್ಣೆಗೆ ಅದಕ್ಕಿಂತ ಒಳ್ಳೆಯ ವರ್ಣನೆ ನಾನು ಎಲ್ಲಿಯೂ ಓದಿಲ್ಲ.

ಅಂದಿನಿಂದ ಪುಸ್ತಕ ಕನ್ನಡವಾಯಿತು. ಕಹಿ ಬೇರೆ, ಒಗರು ಬೇರೆ ಎಂಬುದು ನಮಗೆ ಹುಟ್ಟಿನಿಂದ ಗೊತ್ತು. ಹಾಗಲಕಾಯಿಯದು ಕಹಿ, ಎಳೆ ಬಾಳೆಕಾಯಿಯದು ಒಗರು. ಇಂಗ್ಲಿಷಿನಲ್ಲಿ ಹೊಸಬರು ಇವೆರಡನ್ನೂ ಒಂದೇ ಪದದಲ್ಲಿ ಬೆರೆಸಿಬಿಡುತ್ತಾರೆ, ಆದರೆ ಬಿಯರಿನಲ್ಲಿ ಕಹಿ ಹಾಪ್ಸಿನ ಗುಣ, ಒಗರು ಬಹುಮಟ್ಟಿಗೆ ಕಾಳಿನ ಸಿಪ್ಪೆಯನ್ನು ಹದತಪ್ಪಿ ನೆನೆಸಿದ ದೋಷ. ಜರ್ಮನ್ ಗೋಧಿ ಬಿಯರಿನಲ್ಲಿ ಯೀಸ್ಟ್ ತಾನೇ ತಯಾರಿಸುವ ವಾಸನೆಗೆ ಏಲಕ್ಕಿ ಬಾಳೆಹಣ್ಣು ಮತ್ತು ಲವಂಗ ಎಂದು ಬರೆದೆವು. ಸ್ಟೌಟಿಗೆ ಹೊತ್ತಿದ ಕಾಫಿಬೀಜ, ಹುರಿಗಡಲೆ, ಜೋನಿಬೆಲ್ಲ. ಹುದುಗು ಪೂರ್ತಿಯಾಗುವ ಮುನ್ನ ಬಿಯರ್ ತೆಗೆದರೆ ಉಳಿಯುವ ಡೈಅಸಿಟೈಲಿಗೆ ಬೆಣ್ಣೆ ಕಾಯಿಸುವಾಗಿನ ವಾಸನೆ. ಹಳತಾದ ಬಿಯರಿಗೆ ಒದ್ದೆ ರಟ್ಟು. ಹುಳಿ ಬಿಯರುಗಳಿಗೆ ಮಜ್ಜಿಗೆ ಎಂದದ್ದು ಬರಿಯ ಹೋಲಿಕೆಯಲ್ಲ, ಮಜ್ಜಿಗೆಯನ್ನು ಹುಳಿ ಮಾಡುವ ಬ್ಯಾಕ್ಟೀರಿಯಾದ ಬಳಗವೇ ಅವುಗಳಲ್ಲಿಯೂ ಕೆಲಸ ಮಾಡುವುದು. ನನ್ನ ಹೆಂಡತಿ ಕುಡಿಯುವುದಿಲ್ಲ, ಮೂಸಿ ನೋಡುತ್ತಾಳೆ. ಒಂದು ದುಬಾರಿ ಬೆಲ್ಜಿಯನ್ ಶೈಲಿಯ ಬಾಟಲಿಗೆ ಅವಳು ಕೊಟ್ಟ ವರದಿ: "ನಿನ್ನೆ ರಾತ್ರಿ ತೊಳೆಯದೆ ಬಿಟ್ಟ ಅಂಬಲಿ ಗಡಿಗೆ." ಪುಸ್ತಕದಲ್ಲಿ ಹಾಗೆಯೇ ಇದೆ.

ಬಿಸಿಲಿಗೆ ಬಿದ್ದ ಹಸಿರು ಬಾಟಲಿಯ ಬಿಯರ್ ಮಾತ್ರ ನಮ್ಮನ್ನು ಸೋಲಿಸಿತು. ಬೆಳಕು ಹಾಪ್ಸಿನ ಕಹಿ ಅಂಶವನ್ನು ಒಡೆದು ಗಂಧಕದ ಒಂದು ಸಂಯುಕ್ತ ಹುಟ್ಟಿಸುತ್ತದೆ, ಕೆನಡಾದಲ್ಲಿ ಹುಟ್ಟಿದ ಮಗುವೂ ಅದನ್ನು ಸ್ಕಂಕ್ ಎಂದು ಗುರುತಿಸುತ್ತದೆ. ಆ ಪ್ರಾಣಿ ನಮ್ಮ ದೇಶದಲ್ಲಿಲ್ಲ, ಪದವೂ ಇಲ್ಲ. ಪುನುಗು ಎಂದು ಒಬ್ಬರು ಸೂಚಿಸಿದರು. ತಿರುಪತಿ ತಿಮ್ಮಪ್ಪನಿಗೆ ಹಚ್ಚುವ ದ್ರವ್ಯ ಅದು, ಬೇಡ ಎಂದು ಇನ್ನೊಬ್ಬರು ತಡೆದರು. ಸ್ಕಂಕ್ ಎಂದೇ ಉಳಿಯಿತು.

ಐಪಿಎ ಎಂಬ ಹೆಸರಿನ ಬಗ್ಗೆಯೂ ಒಂದು ಮಾತು, ಏಕೆಂದರೆ ಪ್ರತಿ ಸಂಜೆ ಯಾರಾದರೂ "ಇದು ನಮ್ಮ ಇಂಡಿಯಾದ್ದಲ್ಲವೇ?" ಎಂದು ಕೇಳುತ್ತಾರೆ. ಅದು ಇಂಡಿಯಾದಲ್ಲಿ ಮಾಡಿದ್ದಲ್ಲ, ಲಂಡನ್ನಿನ ಬೋ ಬ್ರುವರಿಯ ಹಾಜ್ಸನ್ನರೂ, 1820ರ ದಶಕದಿಂದ ಬರ್ಟನ್ ಊರಿನ ಆಲ್ಸಪ್, ಬಾಸ್ ಕಂಪನಿಗಳೂ ಇಂಡಿಯಾಕ್ಕೆ ಹಡಗಿನಲ್ಲಿ ಕಳಿಸುತ್ತಿದ್ದ ಬಿಯರು. 'ಈಸ್ಟ್ ಇಂಡಿಯಾ ಪೇಲ್ ಏಲ್' ಎಂಬ ಹೆಸರು ಅಚ್ಚಿನಲ್ಲಿ ಮೊದಲು ಕಂಡಿರುವುದು 1829ರ ಸಿಡ್ನಿಯ ಒಂದು ಜಾಹೀರಾತಿನಲ್ಲಿ. ಅದನ್ನು ಕುಡಿಯುತ್ತಿದ್ದವರು ಅಧಿಕಾರಿಗಳು, ವ್ಯಾಪಾರಿಗಳು. ದಂಡಿನ ಸಾಮಾನ್ಯ ಸಿಪಾಯಿ ಹೆಚ್ಚಾಗಿ ಕುಡಿದದ್ದು ಕಪ್ಪನೆಯ ಪೋರ್ಟರ್. ಇಲ್ಲಿನ ಲಂಡನ್ ಊರಿನ ಲಬಾಟ್ ಕೂಡ ಐಪಿಎ ಮಾಡಿ 1878ರ ಪ್ಯಾರಿಸ್ ಮೇಳದಲ್ಲಿ ಪದಕ ಗೆದ್ದಿತ್ತು. 'ಇಂಡಿಯನ್' ಎಂಬ ಮಾತು ಈ ಪ್ರಾಂತ್ಯದಲ್ಲಿ ಬಿಯರಿನ ಬಾಟಲಿಯ ಮೇಲೂ ನಿಷೇಧದ ಪಟ್ಟಿಯ ಮೇಲೂ ಇತ್ತು. ಎರಡೂ ಕಡೆ ನಾವಿರಲಿಲ್ಲ.

ವೈದ್ಯನಾಗಿ ಒಂದು ಲೆಕ್ಕ ಹೇಳದೆ ಬಿಡಲಾರೆ. ಕೆನಡಾದಲ್ಲಿ ಒಂದು ಪ್ರಮಾಣ ಪೇಯ ಎಂದರೆ ಶೇ 5ರ ಬಿಯರಿನ 341 ಮಿ.ಲೀ. ಬಾಟಲಿ, ಅದರಲ್ಲಿ ಸುಮಾರು 17 ಮಿ.ಲೀ. ಶುದ್ಧ ಆಲ್ಕೋಹಾಲ್. ಕ್ರಾಫ್ಟ್ ಬಿಯರಿನ ಕ್ಯಾನು 473 ಮಿ.ಲೀ., ಐಪಿಎ ಆದರೆ ಶೇ 7 ಇರುವುದು ಸಾಮಾನ್ಯ. ಅಂದರೆ 33 ಮಿ.ಲೀ. "ಒಂದೇ ಬಿಯರ್ ಕುಡಿದೆ" ಎನ್ನುವವನು ಎರಡು ಕುಡಿದಿರುತ್ತಾನೆ. 2011ರ ಮಾರ್ಗಸೂಚಿ ಗಂಡಸರಿಗೆ ವಾರಕ್ಕೆ 15, ಹೆಂಗಸರಿಗೆ 10 ಪೇಯಗಳ ಮಿತಿ ಹೇಳಿತ್ತು. 2023ರ ಜನವರಿಯ ಹೊಸ ಮಾರ್ಗಸೂಚಿಯಲ್ಲಿ ವಾರಕ್ಕೆ 1ರಿಂದ 2 ಕಡಿಮೆ ಅಪಾಯ, 3ರಿಂದ 6 ಮಧ್ಯಮ, 7ರಿಂದ ಮೇಲೆ ಅಪಾಯ ಏರುತ್ತಲೇ ಹೋಗುತ್ತದೆ. ಸಹೋದ್ಯೋಗಿಗಳಲ್ಲಿ ಇದನ್ನು ಅತಿಯಾಯಿತು ಎನ್ನುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಸಂಖ್ಯೆಗಿಂತ ಎಣಿಸುವ ಅಭ್ಯಾಸ ಮುಖ್ಯ. ನಮ್ಮ ಸಂಜೆಯಲ್ಲಿ ನಾಲ್ಕು ಕ್ಯಾನ್ ನಾಲ್ವರಿಗೆ ಹಂಚಿ, ಸರಾಸರಿ ಶೇ 5.5 ಎಂದರೆ, ತಲೆಗೆ ಒಂದೂವರೆ ಪೇಯ. ಮೂರು ತಾಸು ಹಿಡಿಯುತ್ತದೆ. ಬರೆಯುತ್ತಾ ಕುಡಿಯುವವನಿಗೆ ಬೇಗ ಕುಡಿಯಲು ಆಗುವುದಿಲ್ಲ.

ಇದರಿಂದ ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂದು ನಾನು ಹೇಳಲಾರೆ. ಮೊದಲ ವರ್ಷ ಐದನೆಯ ಮನೆಯವರೊಬ್ಬರು ಬರುತ್ತಿದ್ದರು. ಮೂರನೆಯ ಸಂಜೆ ಅವರು ತಮ್ಮ ಕಾಗದವನ್ನು ಖಾಲಿ ಬಿಟ್ಟು, ನನ್ನನ್ನು ಅಡುಗೆಮನೆಗೆ ಕರೆದು, "ಡಾಕ್ಟ್ರೇ, ನನಗೆ ರುಚಿ ಬೇಕಾಗಿಲ್ಲ, ನಿಲ್ಲಿಸೋದು ಹೇಗೆ ಹೇಳಿ" ಎಂದರು. ಈ ಸಲ ನಾನು ಕೇಳಿದೆ: ಎಷ್ಟು, ಎಂದಿನಿಂದ, ಮನೆಯಲ್ಲಿ ಯಾರಿಗೆ ಗೊತ್ತು. ಮರುದಿನ ಅವರ ಜೊತೆ ಅವರ ಫ್ಯಾಮಿಲಿ ಡಾಕ್ಟರರ ಬಳಿಗೆ ಹೋದೆ. ಅವರು ಈಗ ನಮ್ಮ ಸಂಜೆಗಳಿಗೆ ಬರುವುದಿಲ್ಲ. ರಾಜ್ಯೋತ್ಸವಕ್ಕೆ ಬರುತ್ತಾರೆ, ಕೈಕುಲುಕುವಾಗ ಅಂಗೈ ತಿರುಗಿಸಿ ತೋರಿಸುತ್ತಾರೆ.

2024ರ ಸೆಪ್ಟೆಂಬರ್ 5ರಿಂದ ಒಂಟಾರಿಯೊದಲ್ಲಿ ಮೂಲೆಯಂಗಡಿಯಲ್ಲೂ ಬಿಯರ್ ಸಿಗುತ್ತದೆ, ಹಾಲು ಬ್ರೆಡ್ಡಿನ ಪಕ್ಕದಲ್ಲಿ. ಗುಮಾಸ್ತ ವಯಸ್ಸು ನೋಡುತ್ತಾನೆ, ಹೆಸರು ಬರೆದುಕೊಳ್ಳುವುದಿಲ್ಲ. ನೆರೆಯವರ ತಂದೆಯ ಪರ್ಮಿಟ್ ಪುಸ್ತಕ ನನ್ನ ಕಪಾಟಿನಲ್ಲಿ ನಮ್ಮ ರುಚಿಯ ಪುಸ್ತಕದ ಪಕ್ಕದಲ್ಲೇ ಇದೆ. ನಮ್ಮದರಲ್ಲಿ ಈಗ ಏಳು ಅಂಕಣಗಳು: ತಾರೀಖು, ಯಾರ ಮನೆ, ಬಿಯರಿನ ಹೆಸರು ಮತ್ತು ಶೇಕಡಾ, ಮೂಗಿಗೆ, ನಾಲಿಗೆಗೆ, ಅಂಕ. ಏಳನೆಯದನ್ನು ಸೇರಿಸಿದ್ದು ಹೆಂಗಸರು. ಅದರ ತಲೆಬರಹ 'ಕಾರು ಓಡಿಸಿದವರು', ಮತ್ತು ಆ ಅಂಕಣ ತುಂಬದೆ ಆ ದಿನದ ಪುಟ ಮುಗಿಯುವುದಿಲ್ಲ.